ಹಿಡಿದು ಬಿಡುವ ವಿದ್ಯೆ

ಕಷ್ಟದಲ್ಲಿರುವವರಿಗೆ ಕೈ ನೀಡಬೇಕು ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಾಲ್ಯದ ಧರ್ಮೋಪದೇಶದ ತರಗತಿಯಿಂದ ಹಿಡಿದು ಪ್ರತಿವರ್ಷದ ತಪಸ್ಸುಕಾಲದ ಪ್ರಬೋಧನೆಗಳವರೆಗೆ ನಾವು ಅದನ್ನು ಕೇಳುತ್ತಲೇ ಬಂದಿದ್ದೇವೆ. ಆದರೆ ನೀಡಿದ ಕೈಯನ್ನು ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಹೇಳಿಕೊಟ್ಟವರು ವಿರಳ. ಗುರುಮಠದಲ್ಲಿ ನೀತಿಶಾಸ್ತ್ರದ ದಪ್ಪ ಹೊತ್ತಗೆಗಳನ್ನು ಓದಿದ ನನಗೂ ಈ ಪ್ರಶ್ನೆ ನಿಜವಾಗಿ ಎದುರಾದದ್ದು ಐವತ್ತು ದಾಟಿದ ಮೇಲೆ, ಅದೂ ಭದ್ರಾವತಿಯ ಒಂದು ಸಣ್ಣ ಗ್ಯಾರೇಜಿನಲ್ಲಿ, ಎಣ್ಣೆ ಮೆತ್ತಿದ ಒಂದು ಯಂತ್ರಭಾಗದ ರೂಪದಲ್ಲಿ. ಆ ಭಾಗದ ಹೆಸರು ಸ್ಟಾರ್ಟರ್ ಕ್ಲಚ್.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಶಿವಮೊಗ್ಗದಲ್ಲಿ ನನ್ನ ಬೈಕು ಹಟ ಹಿಡಿದು ನಿಂತಿತು. ಗುಂಡಿ ಒತ್ತಿದರೆ ಸ್ಟಾರ್ಟರ್ ಮೋಟಾರು ಗಿರ್ರೆಂದು ತಿರುಗುತ್ತಿತ್ತು. ಎಂಜಿನ್ ಮಾತ್ರ ಅಲುಗುತ್ತಿರಲಿಲ್ಲ. ಕೆಲವೊಮ್ಮೆ ಕಬ್ಬಿಣದ ಡಬ್ಬಿಯೊಳಗೆ ಕಲ್ಲು ಹಾಕಿ ಕುಲುಕಿದಂಥ ಸದ್ದು. ಇಂದಿನ ಅನೇಕ ಬೈಕುಗಳಂತೆ ಇದಕ್ಕೂ ಕಾಲಿನಿಂದ ಒದೆಯುವ ಕಿಕ್ಕರ್ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಯುವಕರು ಮಳೆಯಲ್ಲೇ ತಳ್ಳಿಕೊಟ್ಟರು. ಎರಡನೆಯ ಗೇರಿನಲ್ಲಿ ಕ್ಲಚ್ಚು ಬಿಟ್ಟೊಡನೆ ಎಂಜಿನ್ ಎಚ್ಚರಗೊಂಡಿತು. ಅದನ್ನು ಆರಿಸದೆ, ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಗೆ ಹೋಗಿ ನನಗೆ ಪರಿಚಿತರಾದ ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಬಾಗಿಲಲ್ಲಿ ನಿಲ್ಲಿಸಿದೆ.

ಇಲ್ಲಿ ನೀವು ನನ್ನನ್ನು ಒಂದು ಪ್ರಶ್ನೆ ಕೇಳಬೇಕು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಸಾಲುಸಾಲಾಗಿ ಗ್ಯಾರೇಜುಗಳಿರುವಾಗ, ಕೆಟ್ಟ ಬೈಕನ್ನು ಮಳೆಯಲ್ಲಿ ಭದ್ರಾವತಿಯವರೆಗೆ ಏಕೆ ಒಯ್ದಿರಿ ಎಂದು. ಅದಕ್ಕೆ ಉತ್ತರವನ್ನು ಮುಂದೆ ಹೇಳುತ್ತೇನೆ. ಹೇಳುವುದು ಸುಲಭವಲ್ಲ.

ಆ ಹಿರಿಯರು ತಮ್ಮ ಯೌವನವನ್ನು ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಲೇತಿನ ಮುಂದೆ ಕಳೆದವರು. ನಿವೃತ್ತಿಯ ಬಳಿಕ ಮನೆಯ ಮುಂಭಾಗದಲ್ಲೇ ಗ್ಯಾರೇಜು ಇಟ್ಟುಕೊಂಡವರು. ಎಡಬದಿಯ ಮುಚ್ಚಳ ಬಿಚ್ಚಿ, ಪುಲ್ಲರ್ ಎಂಬ ಸಾಧನದಿಂದ ಮ್ಯಾಗ್ನೆಟ್ಟಿನ ಚಕ್ರವನ್ನು ಹೊರಗೆಳೆದು, ಅದರ ಬೆನ್ನಿಗೆ ಅಂಟಿಕೊಂಡಿದ್ದ ಉಂಗುರದಂಥ ಭಾಗವನ್ನು ನನ್ನ ಅಂಗೈಯಲ್ಲಿಟ್ಟರು. ಒಳಗೆ ಮೂರು ಪುಟ್ಟ ಉರುಳೆಗಳು. ಪ್ರತಿಯೊಂದರ ಬೆನ್ನಿಗೆ ಕೂದಲೆಳೆಯಂಥ ಒಂದು ಸ್ಪ್ರಿಂಗು.

ಅದರ ಕೆಲಸ ಬಹಳ ಸರಳ. ಉರುಳೆಗಳು ಕುಳಿತಿರುವ ಗೂಡುಗಳು ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಕಿರಿದು. ಸ್ಟಾರ್ಟರ್ ಮೋಟಾರು ತಿರುಗಿದಾಗ ಉರುಳೆಗಳು ಕಿರಿದಾದ ಬದಿಗೆ ಸರಿದು ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಆಗ ಮೋಟಾರಿನ ಗೇರೂ ಎಂಜಿನ್ನಿನ ದಂಡವೂ ಒಂದೇ ಆಗಿ ತಿರುಗುತ್ತವೆ. ಎಂಜಿನ್ನಿಗೆ ಕಿಡಿ ಹತ್ತಿ ಅದು ತನ್ನ ಬಲದಿಂದಲೇ ವೇಗವಾಗಿ ತಿರುಗತೊಡಗಿದ ಕ್ಷಣದಲ್ಲಿ ಉರುಳೆಗಳು ಅಗಲದ ಬದಿಗೆ ಹಿಂದೆ ಸರಿಯುತ್ತವೆ. ಹಿಡಿತ ತಪ್ಪುತ್ತದೆ. ಮೋಟಾರು ಸುಮ್ಮನಾಗುತ್ತದೆ, ಎಂಜಿನ್ ತನ್ನ ಪಾಡಿಗೆ ಓಡುತ್ತದೆ. ಪೆಡಲು ತುಳಿದರೆ ಚಕ್ರವನ್ನು ಹಿಡಿದು, ತುಳಿಯುವುದನ್ನು ನಿಲ್ಲಿಸಿದರೆ ಚಕ್ರವನ್ನು ತನ್ನಷ್ಟಕ್ಕೆ ಉರುಳಲು ಬಿಡುವ ಸೈಕಲ್ಲಿನ ಫ್ರೀವೀಲಿನಲ್ಲಿರುವುದೂ ಇದೇ ತತ್ವ.

ಕೈಯಿಂದ ಹ್ಯಾಂಡಲು ತಿರುಗಿಸಿ ಮೋಟಾರು ಗಾಡಿಯನ್ನು ಚಾಲೂ ಮಾಡುತ್ತಿದ್ದ ಕಾಲದಲ್ಲಿ, ಎಂಜಿನ್ ಹಿಮ್ಮುಖವಾಗಿ ಒದ್ದು ಚಾಲಕರ ಮುಂಗೈ ಮುರಿಯುವುದು ಸಾಮಾನ್ಯವಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಅಪಾಯ ಕ್ರಮೇಣ ಇಲ್ಲವಾಯಿತು. ಆದರೆ ಎಂಜಿನನ್ನು ತಿರುಗಿಸುವಷ್ಟು ಬಲವುಳ್ಳ ಮೋಟಾರನ್ನು ಕೂಡಿಸಿದರೆ ಸಾಲದು. ಎಂಜಿನ್ ಓಡತೊಡಗಿದಾಗ ಆ ಮೋಟಾರನ್ನು ಬಿಡಿಸುವ ಉಪಾಯವೂ ಬೇಕು. ಸ್ಟಾರ್ಟರು ಎಂಜಿನನ್ನು ನಿಮಿಷಕ್ಕೆ ಕೆಲವು ನೂರು ಸುತ್ತು ತಿರುಗಿಸಬಲ್ಲದು, ಅಷ್ಟೇ. ಓಡುವ ಎಂಜಿನ್ ಸಾವಿರಗಟ್ಟಲೆ ಸುತ್ತು ತಿರುಗುತ್ತದೆ. ಕೊಂಡಿ ಕಳಚದಿದ್ದರೆ, ನೆರವಾಗಲು ಬಂದ ಮೋಟಾರನ್ನೇ ಎಂಜಿನ್ ಎಳೆದಾಡಿ ಸುಟ್ಟುಹಾಕುತ್ತದೆ.

ಹಿರಿಯರು ತಮ್ಮ ಕನ್ನಡಕವನ್ನು ಹಣೆಗೇರಿಸಿ ಒಂದು ಮಾತು ಹೇಳಿದರು: "ಸ್ವಾಮಿ, ಇದು ಪೂರ್ತಿ ಹಿಡಿದಾಗ ಹೆಚ್ಚು ಸವೆಯೋದಿಲ್ಲ. ಪೂರ್ತಿ ಬಿಟ್ಟಾಗಲೂ ಹೆಚ್ಚು ಸವೆಯೋದಿಲ್ಲ. ಹಿಡಿದೂ ಹಿಡಿಯದ ಹಾಗೆ, ಬಿಟ್ಟೂ ಬಿಡದ ಹಾಗೆ ಜಾರ್ತಾ ಇರುತ್ತಲ್ಲ, ಆಗ ಸವೆಯುತ್ತೆ."

ಅವರು ಬೈಕಿನ ಕುರಿತು ಮಾತನಾಡುತ್ತಿದ್ದರು. ನನಗೆ ಮಾತ್ರ ನನ್ನ ಕುರಿತೇ ಹೇಳಿದಂತೆ ಕೇಳಿಸಿತು.

ನಮ್ಮ ಧ್ಯಾನಕೂಟಗಳಲ್ಲಿ 'ಸವೆಯುವುದು' ಎಂಬುದು ಬಹಳ ಗೌರವದ ಮಾತು. ಗಂಧದ ಕೊರಡಿನಂತೆ ಸವೆಯಬೇಕು, ಮೇಣದ ಬತ್ತಿಯಂತೆ ಕರಗಬೇಕು ಎಂದು ನಾನೇ ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಎಲ್ಲ ಸವೆತವೂ ತ್ಯಾಗವಲ್ಲ. ಗಂಧದ ಕೊರಡು ಸವೆದರೆ ಕಲ್ಲಿನ ಮೇಲೆ ಗಂಧ ಉಳಿಯುತ್ತದೆ; ಸ್ಟಾರ್ಟರ್ ಕ್ಲಚ್ ಜಾರಿ ಜಾರಿ ಸವೆದರೆ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಉಳಿಯುತ್ತದೆ, ಅಷ್ಟೇ. 'ಮಕ್ಕಳಿಗಾಗಿ ನಾನು ಸವೆದುಹೋದೆ' ಎನ್ನುವ ತಂದೆ, 'ಈ ಸಂಘಕ್ಕಾಗಿ ನನ್ನ ಜೀವವನ್ನೇ ತೇದೆ' ಎನ್ನುವ ಅಧ್ಯಕ್ಷರು, 'ಈ ಧರ್ಮಕೇಂದ್ರಕ್ಕಾಗಿ ನನ್ನ ಆರೋಗ್ಯ ಹಾಳಾಯಿತು' ಎನ್ನುವ ಗುರು, ಈ ಮೂವರೂ ಒಮ್ಮೆ ಕೇಳಿಕೊಳ್ಳಬೇಕು: ನಾನು ಸವೆದದ್ದು ಹೊರೆ ಹೊತ್ತು ಎಳೆದದ್ದರಿಂದಲೋ, ಬಿಡಬೇಕಾದಾಗ ಬಿಡದೆ ಉಜ್ಜಿಕೊಂಡದ್ದರಿಂದಲೋ?

ಈಗ ನನ್ನ ಉತ್ತರವನ್ನು ಹೇಳಬೇಕು.

ಹಲವು ವರ್ಷಗಳ ಹಿಂದೆ ನಾನು ಭದ್ರಾವತಿಯ ಕಡೆ ಸೇವೆಯಲ್ಲಿದ್ದಾಗ, ಗುತ್ತಿಗೆ ಕಾರ್ಮಿಕರೊಬ್ಬರ ಮಗ ಹತ್ತನೆಯ ತರಗತಿ ಮುಗಿಸಿ ಮನೆಯಲ್ಲೇ ಕುಳಿತಿದ್ದ. ಚುರುಕಾದ ಹುಡುಗ, ಕೈಯಲ್ಲಿ ವಿದ್ಯೆ ಇತ್ತು, ಜೇಬಿನಲ್ಲಿ ಕಾಸಿರಲಿಲ್ಲ. ಐ.ಟಿ.ಐ.ಗೆ ಸೇರಿಸಿದೆ, ಶುಲ್ಕ ಕಟ್ಟಿದೆ. ಬಳಿಕ ಇದೇ ಹಿರಿಯರ ಬಳಿ ಕೆಲಸ ಕಲಿಯಲು ಬಿಟ್ಟೆ. ಪರಿಚಿತರೊಬ್ಬರ ಮೂಲಕ ಬೆಂಗಳೂರಿನಲ್ಲಿ ತಿಂಗಳ ಸಂಬಳದ ಕೆಲಸವನ್ನೂ ಕೊಡಿಸಿದೆ. ಇದಿಷ್ಟೂ ಒಳ್ಳೆಯದೇ. ಹಿಡಿಯಬೇಕಾದಾಗ ಗಟ್ಟಿಯಾಗಿ ಹಿಡಿದೆ ಎಂದು ಇಂದಿಗೂ ಹೇಳಬಲ್ಲೆ.

ಮೂರು ವರ್ಷಗಳ ನಂತರ ಆತ ನನ್ನ ಬಳಿ ಬಂದ. ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಸ್ವಂತ ಗ್ಯಾರೇಜು ತೆರೆಯುತ್ತೇನೆ, ಬ್ಯಾಂಕಿನ ಸಾಲಕ್ಕೆ ಒಂದು ಶಿಫಾರಸು ಪತ್ರ ಕೊಡಿ ಎಂದ. ನನಗೆ ಸಿಟ್ಟು ಬಂತು. ಖಚಿತ ಸಂಬಳದ ಕೆಲಸ ಬಿಡುವುದು ಅವಿವೇಕ ಎಂದೆ. ಆತ ಶಾಂತವಾಗಿ ಲೆಕ್ಕ ಒಪ್ಪಿಸಿದ: ಬಾಡಿಗೆ ಎಷ್ಟು, ಉಪಕರಣಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಗಾಡಿ ಬಂದರೆ ಸಾಕು ಎಂದು. ಅವನ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ತಪ್ಪು ಸಿಗದಿದ್ದಾಗ ನಾನು ಆಡಿದ ಮಾತು: "ನಾನು ಓದಿಸಿದ್ದು ಇದಕ್ಕಾಗಿಯೇ? ಹತ್ತಿದ ಏಣಿಯನ್ನೇ ಒದೆಯುತ್ತಿದ್ದೀಯಲ್ಲ."

ಪತ್ರ ಕೊಡಲಿಲ್ಲ. ಆತ ತಾಯಿಯ ಒಡವೆ ಅಡವಿಟ್ಟು ಅಂಗಡಿ ತೆರೆದ. ಉದ್ಘಾಟನೆಗೆ ಕರೆಯಲು ಬಂದಾಗ ನಾನು ಬೇರೊಂದು ಕಾರ್ಯಕ್ರಮವಿದೆ ಎಂದೆ. ಆ ಮೇಲೆ ನನ್ನ ಸೇವೆ ಶಿವಮೊಗ್ಗಕ್ಕೇ ವರ್ಗವಾಯಿತು. ಆರು ವರ್ಷ ಆ ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಾಡಿದರೂ ಒಳಗೆ ಕಾಲಿಡಲಿಲ್ಲ. ಕೆಟ್ಟ ಬೈಕನ್ನು ಭದ್ರಾವತಿಯವರೆಗೆ ಒಯ್ದದ್ದು ಇದಕ್ಕಾಗಿ.

ಆ ದಿನದ ನನ್ನ ಸಿಟ್ಟಿನ ನಿಜವಾದ ಕಾರಣ ಯಾವುದು? ಆತ ದಾರಿ ತಪ್ಪುತ್ತಿದ್ದಾನೆ ಎಂಬ ಆತಂಕವಲ್ಲ. ನನಗಿಂತ ವೇಗವಾಗಿ ತಿರುಗತೊಡಗಿದ್ದಾನೆ ಎಂಬ ಅಸಮಾಧಾನ. ಸ್ಟಾರ್ಟರ್ ಕ್ಲಚ್ಚಿನ ಇಡೀ ಮರ್ಮ ಇರುವುದು ಇಲ್ಲೇ. ಅದು ಬಿಡುವುದು ತನಗೆ ದಣಿವಾದಾಗ ಅಲ್ಲ, ತನ್ನ ಪಾಲಿನ ಕೆಲಸ ಮುಗಿಯಿತೆಂದು ತೀರ್ಮಾನಿಸಿದಾಗಲೂ ಅಲ್ಲ. ತಾನು ಎಬ್ಬಿಸಿದ್ದು ತನ್ನನ್ನು ಮೀರಿದ ಕ್ಷಣದಲ್ಲಿ ಬಿಡುತ್ತದೆ. ನೆರವು ನೀಡುವವನ ಪರೀಕ್ಷೆಯೂ ಅದೇ ಕ್ಷಣದಲ್ಲಿ ನಡೆಯುತ್ತದೆ. ಬಿದ್ದವನನ್ನು ಪ್ರೀತಿಸುವುದು ಅಷ್ಟೇನೂ ಕಷ್ಟವಲ್ಲ. ಅವನು ನಮ್ಮ ಕೆಳಗಿರುತ್ತಾನೆ. ಎದ್ದವನನ್ನು, ಎದ್ದು ನಮಗಿಂತ ಮುಂದೆ ಓಡುವವನನ್ನು ಪ್ರೀತಿಸುವುದು ಕಷ್ಟ. ಮೊದಲನೆಯದು ಕರುಣೆ. ಎರಡನೆಯದು ಇಲ್ಲದಿದ್ದರೆ ಆ ಕರುಣೆಯೂ ಒಂದು ಬಗೆಯ ಒಡೆತನವಾಗಿಬಿಡುತ್ತದೆ.

ಪವಿತ್ರ ಗ್ರಂಥದಲ್ಲಿ ಈ ಪರೀಕ್ಷೆಯಲ್ಲಿ ಗೆದ್ದವರಿದ್ದಾರೆ. ಸ್ನಾನಿಕ ಯೊವಾನ್ನ ತನ್ನ ಶಿಷ್ಯರು ತನ್ನನ್ನು ಬಿಟ್ಟು ಯೇಸುವಿನ ಹಿಂದೆ ಹೋದಾಗ ಮರುಗಲಿಲ್ಲ. ತಾನು ಕುಗ್ಗಿ ಆತ ಬೆಳೆಯುವುದೇ ತನ್ನ ಆನಂದ ಎಂದು ತಿಳಿದ. ನಾವು ಕಡಿಮೆ ನೆನೆಯುವ ಇನ್ನೊಬ್ಬರು ಬಾರ್ನಬ. ಪರಿವರ್ತನೆ ಹೊಂದಿದ ಸೌಲನನ್ನು ಜೆರುಸಲೇಮಿನಲ್ಲಿ ಎಲ್ಲರೂ ಅಂಜಿ ದೂರವಿಟ್ಟಾಗ, ಅವನನ್ನು ಪ್ರೇಷಿತರ ಬಳಿಗೆ ಕರೆದೊಯ್ದು ಅವನ ಪರವಾಗಿ ಮಾತನಾಡಿದವರು ಬಾರ್ನಬ. ಮುಂದೆ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ಅಂತಿಯೋಕ್ಯಕ್ಕೆ ಕರೆತಂದವರೂ ಅವರೇ. ಪ್ರೇಷಿತರ ಕಾರ್ಯಕಲಾಪಗಳನ್ನು ಗಮನವಿಟ್ಟು ಓದಿದರೆ, ಮೊದಮೊದಲು ಬಾರ್ನಬ ಮತ್ತು ಸೌಲ ಎಂದಿದ್ದ ಹೆಸರುಗಳ ಕ್ರಮ 13ನೆಯ ಅಧ್ಯಾಯದಲ್ಲಿ ತಲೆಕೆಳಗಾಗಿ ಪೌಲ ಮತ್ತು ಬಾರ್ನಬ ಎಂದಾಗುವುದು ಕಾಣುತ್ತದೆ. ತಾನು ಕೈಹಿಡಿದು ತಂದವನ ಹೆಸರು ತನ್ನ ಹೆಸರಿನ ಮುಂದೆ ಬಂದಿತೆಂದು ಬಾರ್ನಬ ದೂರಿದ ಒಂದು ಮಾತೂ ಅಲ್ಲಿಲ್ಲ. ಅವರಿಬ್ಬರ ನಡುವೆ ಮುಂದೆ ಜಗಳವೇ ನಡೆಯಿತು, ನಿಜ. ಆದರೆ ಅದು ಹೆಸರಿಗಾಗಿ ಅಲ್ಲ, ಒಮ್ಮೆ ಹಿಂಜರಿದಿದ್ದ ಮಾರ್ಕ ಎಂಬ ಇನ್ನೊಬ್ಬ ಯುವಕನಿಗೆ ಮತ್ತೊಂದು ಅವಕಾಶ ಕೊಡಬೇಕೇ ಎಂಬುದಕ್ಕಾಗಿ. ಒಬ್ಬನನ್ನು ಎಬ್ಬಿಸಿ ಬಿಟ್ಟ ಬಾರ್ನಬರ ಕೈ ಆಗಲೇ ಮತ್ತೊಬ್ಬನನ್ನು ಹಿಡಿಯಲು ಖಾಲಿಯಾಗಿತ್ತು.

ಸಂತ ತೋಮಸ್ ಅಕ್ವಿನಾಸರು ಇದಕ್ಕೆ ತಾತ್ವಿಕ ನೆಲೆಯನ್ನು ಒದಗಿಸಿದ್ದಾರೆ. ಸರ್ವಶಕ್ತನಾದ ದೇವರು ಎಲ್ಲವನ್ನೂ ತಾನೇ ನೇರವಾಗಿ ಮಾಡದೆ ಸೃಷ್ಟಿಗಳ ಮೂಲಕ ಏಕೆ ಮಾಡಿಸುತ್ತಾನೆ ಎಂದು ಕೇಳಿಕೊಂಡು, ಅದು ಶಕ್ತಿಯ ಕೊರತೆಯಿಂದಲ್ಲ, ಒಳ್ಳೆಯತನದ ಹೆಚ್ಚಳದಿಂದ ಎಂದು ಉತ್ತರಿಸುತ್ತಾರೆ. ಸೃಷ್ಟಿಗಳು ಇದ್ದರಷ್ಟೇ ಸಾಲದು, ತಾವೂ ಒಳಿತಿಗೆ ಕಾರಣವಾಗುವ ಘನತೆ ಅವುಗಳಿಗಿರಬೇಕು ಎಂಬುದು ದೈವೇಚ್ಛೆ. ಇದಕ್ಕೆ ಅವರು ಗುರುಶಿಷ್ಯರ ಹೋಲಿಕೆಯನ್ನೇ ಕೊಡುತ್ತಾರೆ: ಶಿಷ್ಯನಿಗೆ ತಿಳಿವನ್ನು ಕೊಡುವುದಷ್ಟೇ ಅಲ್ಲ, ಬೇರೆಯವರಿಗೆ ಕಲಿಸುವ ಸಾಮರ್ಥ್ಯವನ್ನೂ ಕೊಡುವ ಗುರುವಿನಂತೆ ದೇವರು ವರ್ತಿಸುತ್ತಾನೆ. ಹಾಗಾದರೆ, ಶಿಷ್ಯನನ್ನು ಸದಾ ಶಿಷ್ಯನನ್ನಾಗಿಯೇ ಉಳಿಸಿಕೊಳ್ಳುವ ಗುರು ದೇವರಿಗೂ ಇಲ್ಲದ ಹಟವನ್ನು ತಾನು ತೊಟ್ಟಂತಾಯಿತು.

1931ರಲ್ಲಿ ವಿಶ್ವಗುರು ಹನ್ನೊಂದನೆಯ ಪಯಸ್ ಅವರು ತಮ್ಮ ವಿಶ್ವಪತ್ರದಲ್ಲಿ ಈ ವಿವೇಕವನ್ನು ಸಮಾಜಕ್ಕೂ ಅನ್ವಯಿಸಿದರು. ವ್ಯಕ್ತಿಗಳೂ ಸಣ್ಣ ಸಮುದಾಯಗಳೂ ತಾವೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಗಳು ಕಸಿದುಕೊಳ್ಳುವುದು ಅನ್ಯಾಯ ಎಂಬುದು ಅವರ ಬೋಧನೆಯ ಸಾರ. ಇದನ್ನು ನಾವು ಸಹಾಯಕತ್ವದ ತತ್ವ ಎಂದು ಓದಿದ್ದೇವೆ. ಇದರ ಮೂಲದಲ್ಲಿರುವ 'ಸುಬ್ಸಿದಿಯುಂ' ಎಂಬ ಲ್ಯಾಟಿನ್ ಪದ ಹಿಂದೆ ರೋಮನ್ ಸೈನ್ಯದಲ್ಲಿ ಹಿಂದಿನ ಸಾಲಿನಲ್ಲಿ ಕಾದಿರುತ್ತಿದ್ದ ಮೀಸಲು ಪಡೆಗೆ ಬಳಕೆಯಾಗುತ್ತಿತ್ತು. ಆ ಪಡೆ ಅಗತ್ಯ ಬಿದ್ದಾಗ ಮುಂದೆ ಬರುತ್ತದೆ. ಅಗತ್ಯವಿಲ್ಲದಾಗ ಹಿಂದೆ ಇರುತ್ತದೆ. ಆದರೆ ರಣರಂಗವನ್ನು ಬಿಟ್ಟು ಓಡಿಹೋಗುವುದಿಲ್ಲ.

ಈ ಕೊನೆಯ ಮಾತು ಮುಖ್ಯ. ಏಕೆಂದರೆ 'ಬಿಡುವುದು' ಎಂಬ ಮಾತು ಕೈಬಿಡುವುದಕ್ಕೆ ಸುಲಭವಾದ ನೆಪವೂ ಆಗಬಲ್ಲದು. ಭದ್ರಾವತಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು, ಭದ್ರೆಯಿಂದ ನೀರು. ಆರಂಭದಲ್ಲೇ ನಷ್ಟಕ್ಕೆ ಸಿಲುಕಿದ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ವಹಿಸಿಕೊಂಡರು. ನಮ್ಮವರನ್ನೇ ತರಬೇತಿಗೊಳಿಸಿ, ಕಾರ್ಖಾನೆಯನ್ನು ದಾರಿಗೆ ತಂದು, 1929ರಲ್ಲಿ ಹೊಣೆಯನ್ನು ಬಿಟ್ಟುಕೊಟ್ಟು ನಡೆದರು. ಅವರಿಗೆ ಸಲ್ಲಬೇಕಿದ್ದ ಸಂಭಾವನೆಯ ಹಣ ಯುವಕರಿಗೆ ವೃತ್ತಿವಿದ್ಯೆ ಕಲಿಸುವ ಸಂಸ್ಥೆಗೆ ಮೂಲಧನವಾಯಿತು; ಬೆಂಗಳೂರಿನ ಆ ಸಂಸ್ಥೆ ಅವರ ಹೆಸರನ್ನಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆ. ಹಿಡಿಯುವುದನ್ನೂ ಬಿಡುವುದನ್ನೂ ಬಲ್ಲವರ ರೀತಿ ಅದು.

ಆದರೆ ಅದೇ ಊರು ಬೇರೊಂದು ಬಗೆಯ ಬಿಡುವಿಕೆಯನ್ನೂ ಕಂಡಿದೆ. 2010ರ ದಶಕದಲ್ಲಿ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿನ ಬಾರ್ ಮಿಲ್ ಮತ್ತೆ ತಿರುಗಿತು. ಕೆಲಸವಿಲ್ಲದ ತಿಂಗಳುಗಳಲ್ಲಿ ಆ ಮನೆಗಳ ಒಲೆಗಳು ಹೇಗೆ ಉರಿದವು ಎಂಬುದು ಆ ಮನೆಗಳಿಗೇ ಗೊತ್ತು. 'ನಿಮ್ಮ ಕಾಲ ಮೇಲೆ ನೀವೇ ನಿಲ್ಲಿ' ಎಂಬ ಉಪದೇಶ, ನಿಲ್ಲಲು ನೆಲವಿಲ್ಲದವನ ಕಿವಿಗೆ ಕ್ರೂರವಾಗಿ ಕೇಳಿಸುತ್ತದೆ. ಎಂಜಿನ್ನಿಗೆ ಕಿಡಿ ಹತ್ತುವ ಮೊದಲೇ ಜಾರುವ ಕ್ಲಚ್ಚೂ ಕೆಟ್ಟದ್ದೇ. ಅದು ಬಿಡುತ್ತಿರುವುದು ಇನ್ನೊಬ್ಬನ ಸ್ವಾತಂತ್ರ್ಯಕ್ಕಾಗಿ ಅಲ್ಲ, ತನ್ನಲ್ಲಿ ಹಿಡಿತ ಉಳಿದಿಲ್ಲವಾದ್ದರಿಂದ. ಆದ್ದರಿಂದ ಅಳತೆಗೋಲು ಒಂದೇ: ನನಗೆ ಬೇಸರವಾಯಿತೇ ಎಂಬುದಲ್ಲ, ಆತ ಓಡುತ್ತಿದ್ದಾನೆಯೇ ಎಂಬುದು.

ಹಾಗೆಯೇ, ಎಂದಿಗೂ ತಾವಾಗಿ ಓಡಲಾರದವರು ನಮ್ಮ ನಡುವೆ ಇದ್ದಾರೆ. ಹಾಸಿಗೆ ಹಿಡಿದ ವೃದ್ಧರು, ಬುದ್ಧಿಬೆಳವಣಿಗೆ ಕುಂಠಿತವಾದ ಮಕ್ಕಳು, ಮರೆವಿನ ಕಾಯಿಲೆಗೆ ಸಿಕ್ಕ ತಾಯಂದಿರು. ಅವರಿಗೆ ನೀಡಿದ ಕೈಯನ್ನು ಹಿಂದೆಗೆಯುವ ಗಳಿಗೆ ಎಂಬುದೇ ಇಲ್ಲ. ಅವರು ಚಾಲೂ ಆಗದ ಯಂತ್ರಗಳಲ್ಲ. ಮನುಷ್ಯ ಯಂತ್ರವೇ ಅಲ್ಲ. ಇಲ್ಲಿಗೆ ನನ್ನ ಹೋಲಿಕೆಯ ಎಲ್ಲೆ ಮುಗಿಯುತ್ತದೆ.

ಹೋಲಿಕೆ ಸೋಲುವ ಇನ್ನೊಂದು ಸ್ಥಳವನ್ನೂ ಹೇಳಬೇಕು. ದೇವರು ಜಗತ್ತನ್ನು ಒಮ್ಮೆ ಚಾಲೂ ಮಾಡಿ ದೂರ ಸರಿದ ಎಂದು ನಂಬಿದ ತತ್ವಜ್ಞಾನಿಗಳಿದ್ದರು. ಧರ್ಮಸಭೆಯ ವಿಶ್ವಾಸ ಅದಲ್ಲ. ದೇವರ ಅನುಗ್ರಹ ನಮ್ಮ ಮೊದಲ ಹೆಜ್ಜೆಗೂ ಮುಂಚೆ ಬಂದು ನಮ್ಮನ್ನು ಎಬ್ಬಿಸುತ್ತದೆ. ಎದ್ದ ಮೇಲೂ ನಮ್ಮ ಇರವನ್ನೇ ಹೊತ್ತು ನಿಲ್ಲಿಸುತ್ತದೆ. ಆತ ಬಿಟ್ಟರೆ ನಾವು ನಿಲ್ಲುವುದಲ್ಲ, ಇಲ್ಲವೇ ಆಗುತ್ತೇವೆ. ಆದರೂ ಆ ಹಿಡಿತ ನಮ್ಮ ಸ್ವಾತಂತ್ರ್ಯವನ್ನು ಕಿಂಚಿತ್ತೂ ಹಿಸುಕುವುದಿಲ್ಲ. ಪೂರ್ತಿ ಹಿಡಿದೂ ಪೂರ್ತಿ ಬಿಡುವುದು ದೇವರಿಗೆ ಮಾತ್ರ ಸಾಧ್ಯ. ಮನುಷ್ಯನಾದ ನಾನು ಸದಾ ಹಿಡಿದಿರುತ್ತೇನೆಂದು ಹೊರಟರೆ ದೇವರ ಸ್ಥಾನದಲ್ಲಿ ಕುಳಿತಂತೆ. ಆ ಸ್ಥಾನದಲ್ಲಿ ಕುಳಿತು ದೇವರ ಸೌಮ್ಯತೆಯನ್ನು ಮಾತ್ರ ತರಲಾರೆ.

ಮತ್ತೆ ಗ್ಯಾರೇಜಿಗೆ ಬರೋಣ. ಉರುಳೆಗಳು ಓಡಾಡುವ ಗೇರಿನ ಕುತ್ತಿಗೆಯನ್ನು ಹಿರಿಯರು ಬೆರಳಿನಿಂದ ಸವರಿ ತೋರಿಸಿದರು. ನುಣುಪಾಗಿರಬೇಕಾದಲ್ಲಿ ಗೀರುಗಳಿದ್ದವು. "ಬರೀ ಉರುಳೆ, ಸ್ಪ್ರಿಂಗು ಹಾಕಿಕೊಟ್ಟರೆ ಕಡಿಮೆಯಲ್ಲಿ ಮುಗಿಯುತ್ತೆ. ನೀವೂ ಖುಷಿಯಾಗ್ತೀರಿ. ಆದರೆ ಕೆಲವೇ ತಿಂಗಳಲ್ಲಿ ಮತ್ತೆ ಜಾರುತ್ತೆ. ಗೇರೂ ಬದಲಾಗಬೇಕು" ಎಂದರು. ಬಿಚ್ಚಿದ ಎಂಜಿನ್ನಿನ ಮುಂದೆ ನಾವೆಲ್ಲರೂ ಕುರುಡರು. ಮೆಕ್ಯಾನಿಕ್ಕಿನ ಪ್ರಾಮಾಣಿಕತೆಯೇ ನಮ್ಮ ಕಣ್ಣು. ಅವರು ಮತ್ತೊಂದನ್ನೂ ಕೇಳಿದರು: "ಬ್ಯಾಟರಿ ಸೋತಿದ್ದರೂ ಗುಂಡಿ ಒತ್ತುತ್ತಲೇ ಇದ್ದಿರಾ?" ಹೌದು, ಒತ್ತುತ್ತಲೇ ಇದ್ದೆ. ಬ್ಯಾಟರಿಯಲ್ಲಿ ಕಸುವಿಲ್ಲದಿದ್ದರೆ ಮೋಟಾರು ನಿಧಾನವಾಗಿ ತಿರುಗುತ್ತದೆ, ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಆ ಪೆಟ್ಟೆಲ್ಲ ಕ್ಲಚ್ಚಿನ ಮೇಲೆ ಬೀಳುತ್ತದೆ. ತನ್ನೊಳಗೆ ಪ್ರಾರ್ಥನೆಯ ಕಸುವು ಬತ್ತಿದ ಮೇಲೂ ಇತರರನ್ನು ಎಬ್ಬಿಸಲು ಹೊರಟವನ ಪಾಡೂ ಇಷ್ಟೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಈ ಸಾಮಾನು ನನ್ನ ಹತ್ತಿರ ಇಲ್ಲ" ಎಂದ ಅವರು, ಸವೆದ ಭಾಗವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿತ್ತರು. "ಶಿವಮೊಗ್ಗದಲ್ಲಿ ನಮ್ಮ ಹುಡುಗ ಇಟ್ಟಿರ್ತಾನೆ. ತೋರಿಸಿ, ಕೊಡ್ತಾನೆ. ಈಗ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ಗಾಡಿ ಬಂದರೆ ನಾನೇ ಅವನಿಗೆ ಫೋನು ಮಾಡಿ ಕೇಳ್ತೀನಿ."

ಆ ಮಾತನ್ನು ಅವರು ಹೇಳಿದ ರೀತಿಯನ್ನು ನಾನು ಮರೆಯಲಾರೆ. ದನಿಯಲ್ಲಿ ನೋವಿರಲಿಲ್ಲ, ಹೆಮ್ಮೆಯನ್ನು ಬಚ್ಚಿಟ್ಟುಕೊಂಡ ಒಂದು ನಗು ಇತ್ತು. ಒಬ್ಬನೇ ಹುಡುಗನಿಗೆ ನಾವಿಬ್ಬರೂ ಕೈ ನೀಡಿದ್ದೆವು. ಒಬ್ಬರು ಹತ್ತನೆಯ ತರಗತಿಯನ್ನೂ ಮುಗಿಸಿದವರಲ್ಲ. ಇನ್ನೊಬ್ಬ ದೇವಶಾಸ್ತ್ರದ ಪದವೀಧರ.

ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಆರು ವರ್ಷಗಳಲ್ಲಿ ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಒಳಗೆ ಯಾವುದೋ ರೆಸಾರ್ಟಿನಿಂದ ಬಂದ, ಎಂಥ ನೆಲದ ಮೇಲೂ ಓಡುವ ನಾಲ್ಕು ಚಕ್ರದ ಎ.ಟಿ.ವಿ. ಬೈಕು ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು. ಅದಕ್ಕೂ ಇದೇ ಕಾಯಿಲೆ. ಬೆಲ್ಟಿನ ಮೇಲೆ ಓಡುವ ಅಂಥ ಗಾಡಿಯನ್ನು ನಮ್ಮ ಬೈಕಿನಂತೆ ತಳ್ಳಿ ಎಬ್ಬಿಸುವಂತೆಯೂ ಇಲ್ಲ. ಇಬ್ಬರು ಹುಡುಗರು ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದರು. ಅವನೇ ಪೊಟ್ಟಣ ಬಿಚ್ಚಿ ನೋಡಿ, ನನ್ನ ಮುಖ ನೋಡಿ, "ಮೇಷ್ಟ್ರು ಕಳಿಸಿದ್ರಾ?" ಎಂದ. ನಾನು ಎಷ್ಟೋ ದಿನಗಳಿಂದ ಗಂಟಲಲ್ಲಿದ್ದ ಮಾತನ್ನು ಅಲ್ಲೇ, ಆ ಹುಡುಗರ ಮುಂದೆಯೇ ಹೇಳಿದೆ: "ಆ ದಿನ ಪತ್ರ ಕೊಡದೆ ಹೋದದ್ದು ನನ್ನ ತಪ್ಪು." ಆತ ಸ್ವಲ್ಪ ಹೊತ್ತು ಉರುಳೆಯನ್ನೇ ತಿರುಗಿಸುತ್ತ ನಿಂತ. ಆಮೇಲೆ, "ಫಾದರ್, ಬ್ಯಾಟರಿಯನ್ನೂ ಬದಲಾಯಿಸಿಬಿಡಿ" ಎಂದ.

ಮರುದಿನ ಸಂಜೆ ಅವನೇ ಭದ್ರಾವತಿಗೆ ಬಂದ. ಮೇಷ್ಟ್ರ ಕೈ ಈಗೀಗ ನಡುಗುವುದರಿಂದ ಇಂಥ ಕೆಲಸವಿದ್ದಾಗ ಬಂದು ಮಾಡಿಕೊಡುವುದು ಅವನ ರೂಢಿಯಂತೆ. ಹಿರಿಯರು ಪಾನಾ ಅವನ ಕೈಗಿತ್ತು ಸ್ಟೂಲಿನ ಮೇಲೆ ಕುಳಿತರು. ಹೊಸ ಕ್ಲಚ್ಚು, ಹೊಸ ಗೇರು, ತಿರುಪುಗಳಿಗೆ ಅಂಟು, ಹೊಸ ಗ್ಯಾಸ್ಕೆಟ್ಟು, ಹೊಸ ಎಣ್ಣೆ. ಗುಂಡಿ ಒತ್ತಿದೊಡನೆ ಎಂಜಿನ್ ಎದ್ದಿತು. ಸವೆದ ಭಾಗ ಗುಜರಿಯ ಡಬ್ಬಕ್ಕೆ ಹೋಯಿತು; ಸವೆದ ಮನುಷ್ಯರು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಬಿಟ್ಟುಕೊಟ್ಟ ಕೈಗೆ ಮರಳಿ ಬಂದ ಕೈ ಅದು. ಸಾಲ ತೀರಿಸಲು ಬಂದದ್ದಲ್ಲ, ತಾನಾಗಿ ಬಂದದ್ದು. ಕೃತಜ್ಞತೆಯನ್ನು ವಸೂಲಿ ಮಾಡಲು ಹೊರಟವನಿಗೆ ಅದು ಸಿಗುವುದಿಲ್ಲವೆಂದು ನಾನು ಆರು ವರ್ಷ ತಡವಾಗಿ ಕಲಿತೆ.

ಆತ ನನಗೆ ಬಿಲ್ಲು ಬರೆದುಕೊಟ್ಟ. ಸಾಮಾನಿಗೆ ಇಷ್ಟು, ಕೂಲಿಗೆ ಇಷ್ಟು. ಒಂದು ರೂಪಾಯಿಯನ್ನೂ ಬಿಟ್ಟಿರಲಿಲ್ಲ. ನಾನು ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ ಕೊಟ್ಟೆ. ಅವನು ಎಣಿಸಿ ಜೇಬಿಗಿಟ್ಟ. ನಾವಿಬ್ಬರೂ ಹಗುರಾದೆವು.

ಪ್ರಿಯ ಓದುಗರೇ, ನೀವು ಎಬ್ಬಿಸಿದ ಯಾರಾದರೂ ಇಂದು ನಿಮಗಿಂತ ವೇಗವಾಗಿ ಓಡುತ್ತಿರಬಹುದು. ಮಗಳಿರಬಹುದು, ತಮ್ಮನಿರಬಹುದು, ನಿಮ್ಮ ಕೈಕೆಳಗೆ ಕೆಲಸ ಕಲಿತವನಿರಬಹುದು. ಅವರ ಅಂಗಡಿಯ ಮುಂದಿನ ರಸ್ತೆಯಲ್ಲಿ ನೀವೂ ಮುಖ ತಿರುಗಿಸಿ ಓಡಾಡುತ್ತಿದ್ದರೆ, ಒಂದು ದಿನ ಒಳಗೆ ಹೋಗಿ. ಅದಕ್ಕಾಗಿ ಬೈಕು ಕೆಡುವವರೆಗೆ ಕಾಯಬೇಡಿ.